ಮಾಮ್ಲೇದಾರರ ಮುಖಾಂತರ

ಧಾರವಾಡದ ಕೆಲಗೇರಿ ರಸ್ತೆಯ ಪ್ರಯೋಗಾಲಯದಲ್ಲಿ ಒಂದು ಇಲಿ ಎಡಗಿವಿ ಕೆರೆದುಕೊಂಡಿತು. ಕೆರೆದು ಮುಗಿಸಿ ಅದು ಕಾಲು ಕೆಳಗಿಡುವುದರೊಳಗೆ ಗೋಡೆಯ ಪರದೆಯ ಮೇಲೆ ನಾಲ್ಕು ಸಾಲು ಮೂಡಿದವು. ಕಿವಿ ಕೆರೆಯಲು ಇಲಿ ಮನಸ್ಸು ಮಾಡಿದ್ದು ಯಾವ ಕ್ಷಣದಲ್ಲಿ, ಮಿದುಳಿನ ಯಾವ ಮೂಲೆಯಲ್ಲಿ ಅದಕ್ಕಾಗಿ ಮಿಂಚು ಹೊಡೆಯಿತು, ಕೆರೆದದ್ದು ತುರಿಕೆಗೋ ಬೇಸರಕ್ಕೋ, ಮುಂದೆ ಅದು ಎತ್ತ ಹೋಗಲಿದೆ. "ಮುಂದೆ: ನೀರಿನ ನಳಿಗೆ" ಎಂದು ಪರದೆ ಹೇಳಿತು. ಇಲಿ ಇನ್ನೂ ಯೋಚಿಸುತ್ತಲೇ ಇತ್ತು. ಬಹಳ ಯೋಚಿಸಿ ಸ್ವಂತ ಬುದ್ಧಿಯಿಂದ ನೀರಿನ ನಳಿಗೆಯ ಕಡೆಗೇ ಹೋಯಿತು.

ಇಸವಿ ಎರಡು ಸಾವಿರದ ಅರವತ್ತಮೂರು. ಪರದೆಯ ಹಿಂದಿದ್ದ ತಂತ್ರಾಂಶದ ಹೆಸರು ನಡೆಗನ್ನಡಿ. ಭೂಮಿಯ ಮೇಲೆ ಎಲ್ಲೆಲ್ಲಿ ಇಲಿ ಸಾಕಿ ಮಿದುಳಿನ ಅಧ್ಯಯನ ಮಾಡುತ್ತಿದ್ದರೋ ಅಲ್ಲೆಲ್ಲ ನಡೆಗನ್ನಡಿ ಇತ್ತು. ಚಂದ್ರನ ಮೇಲಿನ ಠಾಣೆಯಲ್ಲಿದ್ದ ಎರಡೇ ಎರಡು ಇಲಿಗಳೂ ಧಾರವಾಡದ ಕನ್ನಡಿಯಲ್ಲೇ ಮುಖ ನೋಡಿಕೊಳ್ಳುತ್ತಿದ್ದವು. ಅದನ್ನು ಬರೆದವರು ಹತ್ತು ಸಾವಿರ ಜನರ ಕಂಪನಿಯವರಲ್ಲ. ಡಾಕ್ಟರ್ ಶಾಲ್ಮಲಾ ಮುನವಳ್ಳಿ ಎಂಬ ಮಿದುಳು ವಿಜ್ಞಾನಿ, ಅವರ ಇಬ್ಬರು ಶಿಷ್ಯರು ಮತ್ತು ಒಂದು ಸೋರುವ ಎ.ಸಿ.

ಅದು ಕೆಲಸ ಮಾಡುವ ರೀತಿ ಸರಳ. ಪ್ರಾಣಿಯ ನಾಲ್ಕೂ ಕಡೆ ಕ್ಯಾಮೆರಾ ಇಡುತ್ತಾರೆ. ತಲೆಗೆ ಜೇಡರಬಲೆಗಿಂತ ತೆಳುವಾದ ಒಂದು ಜಾಲರಿ ತೊಡಿಸುತ್ತಾರೆ. ಅದಕ್ಕೆ ಮಿಂಚುಬಲೆ ಎಂದು ಹೆಸರು. ಮಿದುಳಿನಲ್ಲಿ ಹೊಡೆಯುವ ಸಣ್ಣ ಸಣ್ಣ ಮಿಂಚುಗಳನ್ನೆಲ್ಲ ಅದು ಹಿಡಿಯುತ್ತದೆ. ಬರಹವನ್ನು ಅಕ್ಷರಗಳಾಗಿ ಬಿಡಿಸುವಂತೆ ನಡೆಗನ್ನಡಿಯು ಪ್ರಾಣಿಯ ಚಲನವಲನವನ್ನು ಚೂರು ಚೂರಾಗಿ ಬಿಡಿಸುತ್ತದೆ. ಮೂತಿ ಎತ್ತುವುದು ಒಂದು ಚೂರು, ಬಾಲ ಮಡಚುವುದು ಇನ್ನೊಂದು. ಇವು ನಡೆಯಕ್ಷರಗಳು. ಯಾವ ನಡೆಯಕ್ಷರದ ಹೊತ್ತಿಗೆ ಯಾವ ಮಿಂಚು ಹೊಡೆಯಿತು ಎಂದು ಜೋಡಿಸಿದರೆ ಪ್ರಾಣಿಯ ಮನಸ್ಸಿನ ಅರ್ಧ ಓದಿದಂತೆ. ಪೂರ್ತಿ ಓದುತ್ತದೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಶಾಲ್ಮಲಾ ಸಂಕೋಚದ ಹೆಂಗಸು.

ಪ್ರಯೋಗಾಲಯದ ಎದುರಿಗೇ ಈರಸಂಗಪ್ಪ ಮತ್ತು ಗುರುಶಾಂತವ್ವ ಎಂಬ ಗಂಡಹೆಂಡಿರ ಖಾನಾವಳಿ. ಗುರುಶಾಂತವ್ವ ಬಡಿದ ಜೋಳದ ರೊಟ್ಟಿಯ ಆಚೆ ಬದಿಗೆ ದಿನಪತ್ರಿಕೆ ಹಿಡಿದರೆ ಈಚೆ ಬದಿಯಿಂದ ಸಂಪಾದಕೀಯ ಓದಬಹುದಿತ್ತು. ಅದನ್ನು ಮುರಿದರೆ ಬರುವ ಚಟ್ ಎಂಬ ಸದ್ದಿಗೆ ಹುಬ್ಬಳ್ಳಿಯಲ್ಲಿ ಕೂತವರಿಗೆ ಹಸಿವಾಗುತ್ತಿತ್ತು. ಬಡಿಸುವುದು ಈರಸಂಗಪ್ಪನ ಕೆಲಸ. ಬಿಳಿ ಟೋಪಿ ಹಾಕಿಕೊಂಡು, ಮೊಣಕೈವರೆಗೆ ಹನ್ನೊಂದು ತಾಟು ಜೋಡಿಸಿಕೊಂಡು ಆತ ನಡೆದು ಬಂದರೆ ಎಣ್ಣೆಗಾಯಿಯ ಒಂದು ಹನಿ ಎಣ್ಣೆ ಅಲುಗುತ್ತಿರಲಿಲ್ಲ.

ಇಂಥ ಖಾನಾವಳಿಯಲ್ಲಿ ಗಂಡಹೆಂಡಿರು ಮಾತು ಬಿಟ್ಟು ಮೂವತ್ತೆಂಟು ದಿನಗಳಾಗಿದ್ದವು.

ಕಾರಣ ಊರಿಗೆಲ್ಲ ಗೊತ್ತಿತ್ತು. ಈರಸಂಗಪ್ಪ ಯಾರನ್ನೂ ಕೇಳದೆ ಒಂದು ರೊಟ್ಟಿ ಯಂತ್ರ ತಂದಿದ್ದ. ನಿಮಿಷಕ್ಕೆ ಮೂವತ್ತು ರೊಟ್ಟಿ ಬಡಿಯುವ ಯಂತ್ರ. ಅದರ ಮೊದಲ ರೊಟ್ಟಿಯನ್ನು ತಾನೇ ತಿಂದು, ನಲವತ್ತು ಜನ ಗಿರಾಕಿಗಳ ಮುಂದೆ, "ಕೈರೊಟ್ಟಿಗೂ ಇದಕ್ಕೂ ಏನೂ ಫರಕ್ ಇಲ್ಲ ಬಿಡ್ರಿ" ಅಂದುಬಿಟ್ಟ. ಒಳಗೆ ಹಿಟ್ಟು ನಾದುತ್ತಿದ್ದ ಗುರುಶಾಂತವ್ವ ಕೈ ತೊಳೆದುಕೊಂಡು ಹೊರಗೆ ಬಂದು, ಯಂತ್ರದ ಮೇಲೆ ಒಂದು ಗೋಣಿತಟ್ಟು ಹೊದಿಸಿ ಒಳಗೆ ಹೋದಳು. ಅಷ್ಟೆ. ಮೂವತ್ತಾರು ವರ್ಷದ ಸಂಸಾರದಲ್ಲಿ ಮಾತು ಅಲ್ಲಿಗೆ ನಿಂತಿತು.

ಮಾತು ನಿಂತರೂ ಖಾನಾವಳಿ ನಡೆಯಬೇಕಲ್ಲ. ಹಾಗಾಗಿ ಬೆಕ್ಕು ನಡುವೆ ಬಂತು. ಅದರ ಹೆಸರು ಮಾಮ್ಲೇದಾರ. ಹಿಂದಿನ ಕಾಲದಲ್ಲಿ ತಾಲೂಕಿನ ಮಾಮ್ಲೇದಾರರು ತಪಾಸಣೆಗೆ ಬರುತ್ತಿದ್ದ ಗತ್ತಿನಲ್ಲೇ ದಿನಾ ಹನ್ನೊಂದು ಗಂಟೆಗೆ ಬಂದು, ಪ್ರತಿ ಟೇಬಲ್ಲಿನ ಕೆಳಗೂ ಹೋಗಿ, ಕಡೆಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂಡುತ್ತಿತ್ತು. ಎರಡು ಸೇರು ಗಾತ್ರದ ತಲೆ, ಹುಲಿಗೂ ನಾಚಿಕೆ ತರುವ ಮೀಸೆ.

ಹೊರಗಿನಿಂದ ಈರಸಂಗಪ್ಪ ಹೇಳುತ್ತಿದ್ದ: "ಮಾಮ್ಲೇದಾರ್ರ, ಒಳಗಿನವರಿಗೆ ಹೇಳ್ರಿ, ಐದನೇ ಟೇಬಲ್ಲಿಗೆ ಎರಡು ರೊಟ್ಟಿ ಬೇಕಂತ."

ಒಳಗಿನಿಂದ ಗುರುಶಾಂತವ್ವ ಅದೇ ಬೆಕ್ಕಿಗೆ ಹೇಳುತ್ತಿದ್ದಳು: "ಮಾಮ್ಲೇದಾರ್ರ, ಹೊರಗಿನವರಿಗೆ ಹೇಳ್ರಿ, ರೊಟ್ಟಿ ಗಿಡದಾಗ ಬಿಡಂಗಿಲ್ಲ, ನಿಂದ್ರಬೇಕಂತ."

ಮಾಮ್ಲೇದಾರ ಇಬ್ಬರ ಅಹವಾಲನ್ನೂ ಕಣ್ಣು ಮುಚ್ಚಿ ಕೇಳುತ್ತಿತ್ತು.

ಆ ಮೂವತ್ತೆಂಟನೆಯ ದಿನ ಊಟದ ಹೊತ್ತು ಮುಗಿದ ಮೇಲೆ ಗುರುಶಾಂತವ್ವ, ದಿನಾ ಅಲ್ಲೇ ಉಣ್ಣುತ್ತಿದ್ದ ಶಾಲ್ಮಲಾಳ ಎದುರು ಬಂದು ಕೂತಳು.

"ಬಾಯಾರ, ನೀವು ಇಲಿ ಮನಸಿನ್ಯಾಗ ಏನೈತಿ ಅಂತ ಹೇಳ್ತೀರಂತಲ್ಲ."

"ಸ್ವಲ್ಪ ಹೇಳ್ತೇವಿ ಕಾಕು," ಅಂದಳು ಶಾಲ್ಮಲಾ, ಚಿಕ್ಕಮ್ಮನನ್ನು ಕರೆಯುವಂತೆ.

"ಆ ಮಷಿನ್ ಬಿಟ್ಟಿ ಕೊಟ್ಟೀರಂತ ಲೋಕಕ್ಕೆಲ್ಲ."

"ಮಷಿನ್ ಅಲ್ಲ, ತಂತ್ರಾಂಶ. ಬಿಟ್ಟಿ ಅಷ್ಟ ಅಲ್ಲ ಕಾಕು, ಅದರ ಹೊಟ್ಟ್ಯಾಗ ಏನದ ಅಂತನೂ ಬಿಚ್ಚಿ ಇಟ್ಟೇವಿ. ಯಾರು ಬೇಕಾದ್ರೂ ತಗೋಬಹುದು, ತಪ್ಪಿದ್ರ ತಿದ್ದಬಹುದು. ತಿದ್ದಿದವರು ತಿದ್ದಿದ್ದನ್ನ ಮತ್ತ ಎಲ್ಲಾರಿಗೂ ಕೊಡಬೇಕು. ಅದೊಂದ ಕರಾರು."

"ಅಂದ್ರ ಹೆಪ್ಪು ಇದ್ದಂಗ," ಅಂದಳು ಗುರುಶಾಂತವ್ವ. "ನಮ್ಮ ಮನಿ ಮೊಸರಿನ ಹೆಪ್ಪು ಓಣಿ ತುಂಬ ಹೋಗೇತಿ. ನಮ್ಮ ಮೊಸರು ಕೆಟ್ಟ ದಿನ ಅವರ ಮನ್ಯಾಗಿಂದ ಒಂದು ಚಮಚ ಇಸಗೊಂಡು ಬರ್ತೀವಿ. ಅದು ನಮ್ಮದೂ ಹೌದು, ಅವರದೂ ಹೌದು."

ಶಾಲ್ಮಲಾ ಒಂಬತ್ತು ದೇಶಗಳಲ್ಲಿ ಮುಕ್ತ ತಂತ್ರಾಂಶದ ಮೇಲೆ ಭಾಷಣ ಮಾಡಿದ್ದಳು. ಒಂದರಲ್ಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಹಂಗಾರ ನಮಗೂ ಒಂದು ಚಮಚ ಕೊಡ್ರಿ," ಅಂದಳು ಗುರುಶಾಂತವ್ವ. ಧ್ವನಿ ಸಣ್ಣದಾಯಿತು. "ಇವರಿಗೆ ನನ್ನ ಮ್ಯಾಲ ಸಿಟ್ಟೋ, ಇಲ್ಲಾ ನಾನು ಬ್ಯಾಡಾಗೀನೋ, ಅಷ್ಟು ನೋಡಿ ಹೇಳ್ರಿ. ಸಿಟ್ಟಾದ್ರ ಇರ್ತೀನಿ, ಸಿಟ್ಟು ಇಳೀತೈತಿ. ಬ್ಯಾಡಾಗಿದ್ರ ಇಳಕಲ್ಲಿಗೆ ತಂಗಿ ಮನಿಗೆ ಹೋಗ್ತೀನಿ. ಬರೂ ಅಮಾಸಿ ಮಟಾ ನೋಡಾಕಿ."

"ನೀವಽ ಒಂದು ಮಾತು ಕೇಳಿಬಿಡ್ರಲ್ಲ ಕಾಕು."

"ನಾ ಯಾಕ ಮೊದಲು ಕೇಳ್ಲಿ? ಫರಕ್ ಇಲ್ಲ ಅಂದವರು ಯಾರು?"

ಇಲಿಗಳನ್ನಾದರೆ ಯಾರೂ ಒಪ್ಪಿಗೆ ಕೇಳುವುದಿಲ್ಲ. ಮನುಷ್ಯರ ಮಟ್ಟಿಗೆ ಇಬ್ಬರದೂ ಸಹಿ ಬೇಕು ಎಂದು ಶಾಲ್ಮಲಾ ಪಟ್ಟು ಹಿಡಿದಳು. ಜೊತೆಗೆ, ತಂತ್ರಾಂಶವು ಇಲಿಗಳಿಗಾಗಿ ಬರೆದದ್ದಾದ್ದರಿಂದ ಅದಕ್ಕೆ ಮನುಷ್ಯರ ಮಾತು ತಿಳಿಯುವುದಿಲ್ಲ, ಸದ್ದು ಯಾವಾಗ ಎಲ್ಲಿಂದ ಬಂತು ಎನ್ನುವುದನ್ನಷ್ಟೇ ಅದು ಬರೆದಿಟ್ಟು ಉಳಿದದ್ದನ್ನು ಅಳಿಸಿಬಿಡುತ್ತದೆ ಎಂದು ಇಬ್ಬರಿಗೂ ಬಿಡಿಸಿ ಹೇಳಿದಳು.

ಈರಸಂಗಪ್ಪ ಕಾಗದವನ್ನು ಮೂರು ಸಲ ಓದಿ ಬೆಕ್ಕಿನ ಕಡೆ ತಿರುಗಿದ. "ಮಾಮ್ಲೇದಾರ್ರ, ಹೇಳ್ರಿ ಅವರಿಗೆ, ನಾ ಯಾರದೂ ಏನೂ ಕದ್ದಿಲ್ಲ. ನಾಕಲ್ಲ, ನಾನೂರು ಕ್ಯಾಮೆರಾ ಹಚ್ಚಲಿ." ಎಂದು ಸಹಿ ಹಾಕಿದ.

ಅವನ ಟೋಪಿಯ ಒಳಗೆ ಒಂದು ಮಿಂಚುಬಲೆ ಹೊಲಿದರು. ಗುರುಶಾಂತವ್ವನ ತುರುಬಿಗೆ ಇನ್ನೊಂದು ಕಟ್ಟಿದರು. ಬೆಕ್ಕಿಗೂ ಒಂದು ತೊಡಿಸಲು ಹೋದ ಶಿಷ್ಯನ ಅಂಗೈ ಮೇಲೆ ಮಾಮ್ಲೇದಾರ ತನ್ನ ಅಭಿಪ್ರಾಯವನ್ನು ಐದು ಗೆರೆಗಳಲ್ಲಿ ಬರೆದುಕೊಟ್ಟಿತು. ಅದನ್ನು ಹಾಗೇ ಬಿಟ್ಟರು.

ಹತ್ತು ದಿನಗಳ ದತ್ತಾಂಶ ಸೇರಿತು. ಮೂರು ಸೌರಮಂಡಲಗಳ ಗ್ರಹಗತಿಯನ್ನು ಬರೆದಿಡಲೂ ಅಷ್ಟು ಜಾಗ ಬೇಕಿರಲಿಲ್ಲ. ನಡೆಗನ್ನಡಿ ಅದನ್ನು ಇಡೀ ಒಂದು ಬೆಳಗು ಅಗಿದು ವರದಿ ಕೊಟ್ಟಿತು. ಗುರುಶಾಂತವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಪ್ರಯೋಗಾಲಯಕ್ಕೆ ಬಂದಳು. ಶಾಲ್ಮಲಾ ಪರದೆಯನ್ನು ಒಮ್ಮೆ ಓದಿ, ಮತ್ತೆ ಮೊದಲಿನಿಂದ ಓದತೊಡಗಿದಳು.

"ಓದ್ರಿ ಬಾಯಾರ. ಏನಿದ್ರೂ ಕೇಳ್ತೀನಿ."

ಶಾಲ್ಮಲಾ ಓದಿದಳು.

"ಈ ಗೂಡಿನಲ್ಲಿ ಮೂರು ಪ್ರಾಣಿಗಳಿವೆ. ಒಂದನೆಯ ಪ್ರಾಣಿಗೂ ಮೂರನೆಯ ಪ್ರಾಣಿಗೂ ಗಾಢವಾದ ನಂಟು. ಎರಡನೆಯ ಪ್ರಾಣಿಗೂ ಮೂರನೆಯ ಪ್ರಾಣಿಗೂ ಗಾಢವಾದ ನಂಟು. ಒಂದನೆಯದಕ್ಕೂ ಎರಡನೆಯದಕ್ಕೂ ಪರಸ್ಪರ ಪರಿಚಯವಿದ್ದಂತಿಲ್ಲ. ಗುಂಪಿನ ಯಜಮಾನ: ಮೂರನೆಯ ಪ್ರಾಣಿ."

"ಮೂರನೇದು ಯಾವುದು?"

"ಬೆಕ್ಕು."

ಗುರುಶಾಂತವ್ವ ನಗಲಿಲ್ಲ. "ಪರಿಚಯನ ಇಲ್ಲಂತ," ಅಂದಳು. "ಲೋಕಕ್ಕೆಲ್ಲ ಖರೆ ಹೇಳೂ ಮಷಿನ್ ನನಗೊಬ್ಬಾಕಿಗೆ ಸುಳ್ಳು ಹೇಳೀತೇನು." ಅಷ್ಟು ಹೇಳಿ ಹೋದವಳು ಆ ಸಂಜೆಯೇ ಅಟ್ಟದ ಮೇಲಿನ ಟ್ರಂಕು ಇಳಿಸಿ ಧೂಳು ಒರೆಸಿದಳು. ಅಮಾವಾಸ್ಯೆಗೆ ಆರೇ ದಿನ ಉಳಿದಿದ್ದವು.

ಶಾಲ್ಮಲಾಳಿಗೆ ಊಟ ಸೇರಲಿಲ್ಲ. ತಪ್ಪು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಮಾತು ಯಾರಿಗೆ ಎಂದು ತೀರ್ಮಾನಿಸಲು ನಡೆಗನ್ನಡಿಯಲ್ಲಿ ಒಂದೇ ನಿಯಮ: ಸದ್ದು ಮಾಡಿದ ಪ್ರಾಣಿಯ ಮುಖ ಯಾರ ಕಡೆ ಇದೆಯೋ, ಸದ್ದು ಅವರಿಗೆ. ಆ ಸಾಲನ್ನು ಎಂಟು ವರ್ಷದ ಹಿಂದೆ ಬರೆದವಳು ಅವಳೇ. ಇಲಿಗಳಿಗೆ ಅದು ಸಾಕಿತ್ತು. ಬೆಕ್ಕಿಗೆ ಹೇಳಿ ಹೆಂಡತಿಗೆ ಕೇಳಿಸುವ ಗಂಡನನ್ನು ಆಗ ಯಾರು ನೆನೆಸಿಕೊಂಡಿದ್ದರು. ಆದರೆ ತಾನು ಕಣ್ಣಾರೆ ಬಲ್ಲದ್ದನ್ನು ತಂತ್ರಾಂಶದ ಬಾಯಲ್ಲಿ ಹೇಳಿಸುವುದು ಹೇಗೆ? ತನಗೆ ಹಾಗನ್ನಿಸುತ್ತದೆ ಎಂದರೆ ಗುರುಶಾಂತವ್ವ ನಂಬುವವಳಲ್ಲ. ಓಣಿಯ ನೂರು ಜನ ಆಗಲೇ ಅದನ್ನು ಹೇಳಿ ಸೋತಿದ್ದರು.

ನಡೆಗನ್ನಡಿಯನ್ನು ಬಳಸುವವರು ದೋಷ ಕಂಡಾಗ ಬಂದು ಹೇಳಿಕೊಳ್ಳಲು ಅಂತರ್ಜಾಲದಲ್ಲಿ ಒಂದು ಜಾಗವಿತ್ತು. ಅದಕ್ಕೆ ದೂರುಕಟ್ಟೆ ಎಂದು ಹೆಸರಿಟ್ಟಿದ್ದರು. ಇಬ್ಬರ ಹೆಸರನ್ನೂ ಬಿಟ್ಟು, ಅವರ ಒಪ್ಪಿಗೆ ಪಡೆದು, ಶಾಲ್ಮಲಾ ಅಲ್ಲಿ ಬರೆದಳು: "ಒಂದು ಜೋಡಿ ಬೆಕ್ಕಿನ ಮುಖಾಂತರ ಮಾತಾಡುತ್ತಿದೆ. ತಂತ್ರಾಂಶವು ಬೆಕ್ಕನ್ನೇ ನಂಬುತ್ತಿದೆ. ಐದು ದಿನದಲ್ಲಿ ತಿದ್ದದಿದ್ದರೆ ಒಂದು ಸಂಸಾರ ಇಬ್ಭಾಗವಾಗುತ್ತದೆ."

ಆಮೇಲೆ ಆದದ್ದನ್ನು ಧಾರವಾಡದವರು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಜಗತ್ತಿನ ಮಿದುಳು ವಿಜ್ಞಾನ ಐದು ದಿನ ಬೇರೆ ಕೆಲಸ ಮಾಡಲಿಲ್ಲ. ಹೆಲ್ಸಿಂಕಿಯ ಒಬ್ಬ ತರುಣಿ, "ಅವರು ನೇರವಾಗಿ ಯಾಕೆ ಮಾತಾಡಬಾರದು?" ಎಂದು ಮುಗ್ಧವಾಗಿ ಕೇಳಿದಳು. ಆ ಒಂದು ಪ್ರಶ್ನೆಗೆ ಮುನ್ನೂರ ಹನ್ನೆರಡು ಜನ, ಅರ್ಧದಷ್ಟು ಜನ ಸಿಟ್ಟಿನಲ್ಲೇ, ಉತ್ತರ ಬರೆದರು. ವಾಲ್ಪರೈಸೊದ ಪ್ರೊಫೆಸರರು ತಮ್ಮ ಅಜ್ಜಿ ಹನ್ನೊಂದು ವರ್ಷ ಚಹದ ಕೆಟಲಿಗೆ ಹೇಳಿ ಅಜ್ಜನಿಗೆ ಕೇಳಿಸುತ್ತಿದ್ದಳು ಎಂದು ನೆನೆದರು. ಒಸಾಕಾದವರೊಬ್ಬರು ತಮ್ಮ ತಂದೆ ಪತ್ರಿಕೆಯ ಹವಾಮಾನ ವರದಿಯನ್ನು ಗಟ್ಟಿಯಾಗಿ ಓದಿದರೆ ಅದು ತಾಯಿಯ ಕ್ಷಮೆ ಕೇಳಿದಂತೆ ಎಂದರು. ಲಿಯೋನಿನ ಮಹಾಪಂಡಿತರೊಬ್ಬರು, ಬೆಕ್ಕು ಬರೀ ಗದ್ದಲ, ಅದನ್ನು ದತ್ತಾಂಶದಿಂದ ಕಿತ್ತುಹಾಕಿ ಎಂದು ಅಪ್ಪಣೆ ಕೊಟ್ಟರು. ಕಿತ್ತುಹಾಕಿ ನೋಡಿದರು. "ಗೂಡು ಖಾಲಿ ಇದೆ" ಎಂದು ನಡೆಗನ್ನಡಿ ಹೇಳಿತು.

ಒಟ್ಟು ಒಂಬೈನೂರು ಸಲಹೆ ಬಂದವು. ಒಂದೂ ಕೆಲಸ ಮಾಡಲಿಲ್ಲ.

ನಾಲ್ಕನೆಯ ದಿನ ಶಾಲ್ಮಲಾ ಪರದೆ ಬಿಟ್ಟು ಖಾನಾವಳಿಯ ಅಡುಗೆಮನೆಯಲ್ಲಿ ಹೋಗಿ ಒಂದು ಮಣೆ ಹಾಕಿಕೊಂಡು ಕೂತಳು. ಗುರುಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಸಾರಿನ ಪಾತ್ರೆ, ಅದರಲ್ಲಿ ಒಂದು ಸೌಟು.

ಹೊರಗಿನಿಂದ ಕೇಳಿಸಿತು: "ಮಾಮ್ಲೇದಾರ್ರ, ಕೇಳ್ರಿ, ಇನ್ನಾ ಇಬ್ಬರಿಗೆ ಪಲ್ಯ ಸಾಲತೈತೇನಂತ."

ಗುರುಶಾಂತವ್ವ ತಲೆ ಎತ್ತಲಿಲ್ಲ. ಎಡಗೈಯಿಂದ ಸೌಟು ಎತ್ತಿ ಪಾತ್ರೆಯ ಅಂಚಿಗೆ ಠಣ್ ಎಂದು ಒಮ್ಮೆ ಬಡಿದು ಇಟ್ಟಳು. ಹೊರಗೆ ಈರಸಂಗಪ್ಪ, "ಬರ್ರಿ, ಕೂಡ್ರಿ" ಎಂದು ಇಬ್ಬರನ್ನು ಕರೆದ.

"ಕಾಕು, ಅದ್ಯಾಕ ಬಡದ್ರಿ?"

"ಯಾವುದು?"

"ಸೌಟು."

"ನಾ ಎಲ್ಲಿ ಬಡದೆ? ರೊಟ್ಟಿ ಬಡ್ಯಾಕತ್ತೀನಿ."

ಶಾಲ್ಮಲಾ ಮೂರು ತಾಸು ಅಲ್ಲೇ ಕೂತು ಎಣಿಸಿದಳು. ಒಂದು ಠಣ್ ಎಂದರೆ ಹೌದು. ಎರಡು ಎಂದರೆ ಇಲ್ಲ. ಮೂರು ಎಂದರೆ ನೀವೇ ಬಂದು ತಗೊಂಡು ಹೋಗಿ. ಮೂವತ್ತಾರು ವರ್ಷಗಳಲ್ಲಿ ಬೆಳೆದ ಈ ತಂತಿಭಾಷೆಯನ್ನು ಗುರುಶಾಂತವ್ವನ ಕೈ ಬಲ್ಲದು, ಗುರುಶಾಂತವ್ವ ಅರಿಯಳು.

ಶಾಲ್ಮಲಾ ಓಡಿದಳು. ಧಾರವಾಡದಲ್ಲಿ ಅಷ್ಟು ಜೋರಾಗಿ ಓಡಿದ ವಿಜ್ಞಾನಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಈರಸಂಗಪ್ಪನ ಟೋಪಿಯ ದತ್ತಾಂಶ ತೆರೆದು ನೋಡಿದಳು. ಉತ್ತರ ಬಯಸಿ ಮಾತಾಡಿದ ಯಾವ ಪ್ರಾಣಿಯ ಮಿದುಳಿನಲ್ಲಾದರೂ ಒಂದು ಬಗೆಯ ಮಿಂಚು ಏಳುತ್ತದೆ. ಅದು ಉತ್ತರಕ್ಕೆ ಕಾಯುವ ಮಿಂಚು. ಉತ್ತರ ಬಂದ ಕೂಡಲೇ ಅದು ಆರುತ್ತದೆ. ಈರಸಂಗಪ್ಪ ಬೆಕ್ಕಿಗೆ ಮಾತಾಡಿದಾಗ ಹೆಚ್ಚುಕಡಿಮೆ ಪ್ರತಿ ಸಲವೂ ಆ ಮಿಂಚು ಎದ್ದಿತ್ತು. ಬೆಕ್ಕು ಮಿಯಾಂವ್ ಎಂದರೂ ಅದು ಆರಿರಲಿಲ್ಲ. ಒಳಗೆ ಸೌಟು ಠಣ್ ಎಂದಾಗ ಆರಿತ್ತು. ಸೌಟು ತಡವಾದ ದಿನ, ಆತ ಹನ್ನೊಂದು ತಾಟು ಹೊತ್ತು ನಗುನಗುತ್ತ ಬಡಿಸುತ್ತಿದ್ದಾಗಲೂ, ಟೋಪಿಯೊಳಗೆ ಅದು ಉರಿಯುತ್ತಲೇ ಇತ್ತು.

ಶಾಲ್ಮಲಾ ತನ್ನ ಹಳೆಯ ಸಾಲನ್ನು ಅಳಿಸಿ ಹೊಸದು ಬರೆದಳು. ಮಾತು ಯಾರ ಕಡೆ ಮುಖ ಮಾಡಿದೆ ಎಂದು ನೋಡಬೇಡ; ಯಾರ ಉತ್ತರಕ್ಕೆ ಕಾಯುತ್ತಿದೆ ಎಂದು ನೋಡು. ಬರೆದದ್ದು ಹನ್ನೊಂದೇ ಸಾಲು. ಕರಾರಿನಂತೆ ಅದನ್ನು ದೂರುಕಟ್ಟೆಯಲ್ಲಿ ಎಲ್ಲರಿಗೂ ಇಟ್ಟಳು.

ಅಮಾವಾಸ್ಯೆಯ ದಿನ ಮಧ್ಯಾಹ್ನ, ಊಟದ ಗದ್ದಲ ಏರಿದ್ದ ಹೊತ್ತಿನಲ್ಲೇ, ಅವಳು ಕೈಪರದೆ ಹಿಡಿದು ಅಡುಗೆಮನೆಗೆ ಬಂದಳು. ಟ್ರಂಕು ಹಗ್ಗ ಬಿಗಿಸಿಕೊಂಡು ಬಾಗಿಲ ಹತ್ತಿರ ಸಿದ್ಧವಾಗಿ ಕೂತಿತ್ತು. ಇಳಕಲ್ಲಿನ ಬಸ್ಸು ನಾಲ್ಕಕ್ಕೆ.

"ಕಾಕು, ಕೇಳ್ರಿ. ಹದಿನೈದು ದಿನದಾಗ ಕಾಕಾ ಬೆಕ್ಕಿಗೆ ಆಡಿದ ಮಾತು ಎರಡು ಸಾವಿರದ ಒಂದುನೂರಾ ಆರು. ಅದರಾಗ ಎರಡು ಸಾವಿರದ ಒಂದುನೂರಾ ಐದು ನಿಮಗ ಆಡಿದ್ದು. ಒಂದೊಂದಕ್ಕೂ ನಿಮ್ಮ ಸೌಟಿನ ದಾರಿ ಕಾಯ್ದಾರ."

ಗುರುಶಾಂತವ್ವ ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಹಂಗಾರ ಸಿಟ್ಟು ಅಷ್ಟ," ಅಂದಳು. ಮುಖ ಸ್ವಲ್ಪ ಸಡಿಲಾಯಿತು. ಆಮೇಲೆ, "ಆ ಒಂದು ಏನು?"

"ಯಾವ ಒಂದು?"

"ಎರಡು ಸಾವಿರದ ಒಂದುನೂರಾ ಆರರಾಗ ಐದು ನನಗ. ಇನ್ನೊಂದು?"

ಶಾಲ್ಮಲಾ ಅದರ ಚಿತ್ರ ತೋರಿಸಿದಳು. ಒಂಬತ್ತನೆಯ ದಿನದ್ದು, ಮಧ್ಯಾಹ್ನ ಮೂರೂ ಇಪ್ಪತ್ತು. ಖಾನಾವಳಿ ಖಾಲಿ. ಗುರುಶಾಂತವ್ವ ಒಳಗೆ ಚಾಪೆಯ ಮೇಲೆ ಅಡ್ಡಾಗಿದ್ದಾಳೆ. ಈರಸಂಗಪ್ಪ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆಕ್ಕಿನ ಕಿವಿಯ ಹತ್ತಿರ ಬಾಗಿ, ಅರ್ಧ ನಿಮಿಷ ಏನೋ ಹೇಳುತ್ತಾನೆ. ಹೇಳುತ್ತಾ ತನ್ನ ಬಲಭುಜವನ್ನು ಎಡಗೈಯಿಂದ ಮೆಲ್ಲಗೆ ತಿಕ್ಕಿಕೊಳ್ಳುತ್ತಾನೆ. ಆಮೇಲೆ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾನೆ.

"ಇದೊಂದ ಮಾತಿಗೆ ಅವರು ಯಾರ ಉತ್ತರಕ್ಕೂ ಕಾಯ್ದಿಲ್ಲ," ಅಂದಳು ಶಾಲ್ಮಲಾ.

"ಏನಂದಾರ?"

"ಗೊತ್ತಿಲ್ಲ ಕಾಕು. ಅದು ಮಾತು ಇಟಗೊಳ್ಳಂಗಿಲ್ಲ, ಅಳಿಸಿಬಿಡ್ತದ."

"ಬೇಕಾದ ಒಂದು ಮಾತು ಬಿಟ್ಟು ಬ್ಯಾಡಾದ ಎರಡು ಸಾವಿರ ಲೆಕ್ಕಾ ಇಡತೈತಿ. ಎಂಥಾ ಸೈನ್ಸರಿ ನಿಮ್ಮದು." ಗುರುಶಾಂತವ್ವ ಚಿತ್ರವನ್ನು ಮತ್ತೆ ಓಡಿಸಿದಳು. ಗಂಡ ಭುಜ ತಿಕ್ಕಿಕೊಳ್ಳುವುದನ್ನು ಎರಡು ಸಲ, ಮೂರು ಸಲ ನೋಡಿದಳು. ಹನ್ನೊಂದು ತಾಟು ಹೊರುವ ಭುಜ ಅದು. ಎದ್ದಳು.

ಹೊರಗೆ ನಲವತ್ತು ಜನ ಉಣ್ಣುತ್ತಿದ್ದರು. ಐವತ್ತನಾಲ್ಕು ದಿನಗಳಿಂದ ಗಿರಾಕಿಗಳಿರುವಾಗ ಹೊಸ್ತಿಲು ದಾಟದ ಗುರುಶಾಂತವ್ವ ಹಿಟ್ಟಿನ ಕೈಯಲ್ಲೇ ಬಂದು ಈರಸಂಗಪ್ಪನ ಎದುರು ನಿಂತಳು. ನಲವತ್ತು ದವಡೆಗಳು ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಮೂರನೆಯ ಟೇಬಲ್ಲಿನ ಹಪ್ಪಳವೊಂದು ತಾನಾಗಿ ಮುರಿದದ್ದು ಕೆಲಗೇರಿ ಕೆರೆಯವರೆಗೂ ಕೇಳಿಸಿತಂತೆ.

"ನಿಮ್ಮ ಭುಜಕ್ಕ ಏನಾಗೇತ್ರಿ?"

ಈರಸಂಗಪ್ಪ ಗಾಬರಿಯಾಗಿ ಸುತ್ತಲೂ ನೋಡಿ, ಕಾಲ ಬುಡದಲ್ಲಿದ್ದ ಬೆಕ್ಕಿನ ಕಡೆ ಬಾಗಿದ. "ಮಾಮ್ಲೇದಾರ್ರ, ಹೇಳ್ರಿ ಅವರಿಗೆ..."

ಗುರುಶಾಂತವ್ವ ಬೆಕ್ಕನ್ನು ಎತ್ತಿ ಹಿಂದೆ ನಿಂತಿದ್ದ ಶಾಲ್ಮಲಾಳ ಕೈಗೆ ಕೊಟ್ಟಳು. "ಮಾಮ್ಲೇದಾರ್ರು ರಜಾದ ಮ್ಯಾಲ ಅದಾರ. ನನಗ ಹೇಳ್ರಿ."

ಆತ ತಾಟುಗಳನ್ನು ಒಂದೊಂದಾಗಿ ಕೆಳಗಿಟ್ಟ.

"ನನ್ನ ಭುಜಕ್ಕ ಏನೂ ಆಗಿಲ್ಲ," ಅಂದ. "ನಿನ್ನ ಭುಜ."

"ನಂದಾ?"

"ಬಲಮಗ್ಗಲಾಗಿ ಮಲಗಾಕ ಬರವಲ್ದು ನಿನಗ. ನಿದ್ದ್ಯಾಗ ನರಳ್ತಿ. ಎದ್ದ ಮ್ಯಾಲ ಕೇಳಿದ್ರ ಏನೂ ಇಲ್ಲ ಅಂತಿ. ದಿನಾ ನಾನೂರು ರೊಟ್ಟಿ ಬಡೀತಿ. ಅದಕ್ಕ ಮಷಿನ್ ತಂದೆ. ರೊಟ್ಟಿ ಸುಮಾರು ಐತಿ ಅಂದ್ರ ನೀ ಅದನ್ನ ಮುಟ್ಟಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಫರಕ್ ಇಲ್ಲ ಅಂದೆ." ಗೋಣಿತಟ್ಟಿನ ಕಡೆ ನೋಡಿ ಹೇಳಿದ: "ರಟ್ಟು ಇದ್ದಂಗಿತ್ತು ಆ ರೊಟ್ಟಿ."

"ಇದನ್ನ ಬೆಕ್ಕಿಗೆ ಹೇಳೂ ಬದಲಿ ನನಗ ಹೇಳಾಕ ಏನಾಗಿತ್ತು?"

"ನಿನಗ ಹೇಳಿದ್ರ ನೋವಿಲ್ಲ ಅಂತಿದ್ದಿ."

"ನೋವು ಎಲ್ಲೈತಿ?" ಎನ್ನುತ್ತಾ ಗುರುಶಾಂತವ್ವ ಹಣೆಯ ಮೇಲೆ ಬಿದ್ದ ಕೂದಲನ್ನು ಹಿಂದೆ ಸರಿಸಲು ಬಲಗೈ ಎತ್ತಿದಳು. ಕೈ ಕಿವಿಯವರೆಗೆ ಬಂದು ನಿಂತಿತು. ನಲವತ್ತು ಜನರೂ ನೋಡಿದರು. ಈರಸಂಗಪ್ಪ ತನ್ನ ಕೈಯಿಂದ ಆ ಕೂದಲು ಸರಿಸಿದ. ಗಿರಾಕಿಗಳೆಲ್ಲ ಒಮ್ಮೆಲೇ ತಮ್ಮ ತಮ್ಮ ತಾಟು ನೋಡತೊಡಗಿದರು.

ನಾಲ್ಕರ ಬಸ್ಸು ಇಳಕಲ್ಲಿಗೆ ಖಾಲಿ ಸೀಟು ಹೊತ್ತುಕೊಂಡು ಹೋಯಿತು.

ಆ ಹನ್ನೊಂದು ಸಾಲುಗಳು ಮಾತ್ರ ಧಾರವಾಡದಲ್ಲಿ ನಿಲ್ಲಲಿಲ್ಲ. ಓಣಿಯ ಹೆಪ್ಪಿನಂತೆ ಅವು ಮನೆಮನೆಗೆ ಹೋದವು. ವಾರದೊಳಗೆ ಎಲ್ಲ ಪ್ರಯೋಗಾಲಯಗಳೂ ತಮ್ಮ ಹಳೆಯ ದತ್ತಾಂಶದ ಮೇಲೆ ಹೊಸ ನಿಯಮ ಓಡಿಸಿದವು. ಒಂಟಿ ಗೂಡಿನ ಇಲಿ ಗೋಡೆಗೆ ಮುಖ ಮಾಡಿ ಕುಂಯ್‌ಗುಟ್ಟಿದರೆ ಅದಕ್ಕೆ ಖಿನ್ನತೆ ಎಂದು ವಿಜ್ಞಾನ ಅಲ್ಲಿಯವರೆಗೆ ಬರೆದುಕೊಂಡಿತ್ತು. ಆ ಖಿನ್ನತೆಗೆ ಔಷಧ ಹುಡುಕುತ್ತಾ ಎಷ್ಟೋ ಜನ ಕೂದಲು ನೆರೆಸಿಕೊಂಡಿದ್ದರು. ಈಗ ನೋಡಿದರೆ ಅವು ಗೋಡೆಗೆ ಮಾತಾಡುತ್ತಲೇ ಇರಲಿಲ್ಲ. ಪಕ್ಕದ ಗೂಡಿಗೆ ಎತ್ತಿಹಾಕಿದ್ದ ಜೊತೆಗಾತಿಗೆ ಕೇಳಿಸಲಿ ಎಂದು ಗೋಡೆಗೆ ಹೇಳುತ್ತಿದ್ದವು. ಉತ್ತರಕ್ಕೆ ಕಾಯುತ್ತಿದ್ದವು. ಗೂಡುಗಳ ನಡುವಿನ ತಡಿಕೆ ತೆಗೆದರು. ಔಷಧವಿಲ್ಲದೆ ಲಕ್ಷಾಂತರ ಇಲಿಗಳು ಒಂದೇ ದಿನ ಗುಣವಾದವು. ಲಿಯೋನಿನ ಮಹಾಪಂಡಿತರು ತಮ್ಮ ನಲವತ್ತು ಪ್ರಬಂಧಗಳನ್ನು ಹಿಂದೆ ತೆಗೆದುಕೊಂಡು, ಆ ಸಂಜೆ, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮನಿಗೆ ಫೋನು ಮಾಡಿದರಂತೆ.

ಖಾನಾವಳಿಯಲ್ಲಿ ರೊಟ್ಟಿ ಯಂತ್ರದ ಗೋಣಿತಟ್ಟು ತೆಗೆದರು. "ಗಿರಾಕಿ ರೊಟ್ಟಿ ಮಷಿನ್ ಬಡೀಲಿ, ನಿಮ್ಮ ಎರಡು ರೊಟ್ಟಿ ನಾ ಬಡೀತೀನಿ," ಎಂದು ಗುರುಶಾಂತವ್ವ ತೀರ್ಪು ಕೊಟ್ಟಳು. ಹೀಗೆ, ಜಗತ್ತಿನ ಅತ್ಯುತ್ತಮ ರೊಟ್ಟಿಯನ್ನು ದಿನಾ ತಿನ್ನುತ್ತಿದ್ದ ಡಾಕ್ಟರ್ ಶಾಲ್ಮಲಾ ಮುನವಳ್ಳಿ ತನ್ನದೇ ಸಂಶೋಧನೆಯ ಫಲವಾಗಿ ರಟ್ಟು ತಿನ್ನತೊಡಗಿದಳು. ದೂರು ಹೇಳಲು ಕಟ್ಟೆ ಅವಳದ್ದೇ ಇತ್ತು, ಆದರೆ ಹೇಳಲಿಲ್ಲ.

ಒಂದು ತಿಂಗಳ ಮೇಲೆ ಅವಳು ಉಳಿದ ಕ್ಯಾಮೆರಾಗಳನ್ನು ಬಿಚ್ಚಿಕೊಂಡು ಹೋಗಲು ಬಂದಳು. ಗಂಡಹೆಂಡಿರು ದಿನಕ್ಕೆ ಹದಿನಾಲ್ಕು ಸಲ ನೇರವಾಗಿಯೇ ಜಗಳವಾಡುತ್ತಾ ಸುಖವಾಗಿದ್ದರು. ಹೊಸ್ತಿಲ ಮೇಲೆ ಮಾತ್ರ ಮಾಮ್ಲೇದಾರ ಇರಲಿಲ್ಲ.

"ಮಾಮ್ಲೇದಾರ್ರು ಎಲ್ಲಿ ಕಾಕು?"

"ಅಲ್ಲಿ ನೋಡ್ರಿ." ಗುರುಶಾಂತವ್ವ ಮೂಲೆಗೆ ಕೈ ತೋರಿಸಿದಳು. ಬೆಕ್ಕು ಗೋಡೆಗೆ ಮುಖ ಮಾಡಿ ಕೂತಿತ್ತು. "ಹದಿನೈದು ದಿನಾತು. ಹಾಲು ಇಟ್ರ ಮೂಸಿ ನೋಡಿ ಬಿಡ್ತಾರ. ತಪಾಸಣಿನೂ ಇಲ್ಲ. ಜಡ್ಡು ಬಂದೇತೇನೋ ಅಂತ ಇವರಿಗೂ ಚಿಂತಿ."

ಶಾಲ್ಮಲಾ ಕ್ಯಾಮೆರಾದ ದತ್ತಾಂಶವನ್ನು ಕೈಪರದೆಗೆ ಹಾಕಿಕೊಂಡಳು. ಬೆಕ್ಕಿಗೆ ಮಿಂಚುಬಲೆ ಬೇಕಿರಲಿಲ್ಲ. ಕಾಯುವುದನ್ನು ಕಿವಿಯ ತಿರುವಿನಿಂದಲೇ ಓದುವ ಒಂದು ಸೇರ್ಪಡೆಯನ್ನು ಆ ವಾರವಷ್ಟೇ ಹೆಲ್ಸಿಂಕಿಯ ಅದೇ ತರುಣಿ ಬರೆದು ಎಲ್ಲರಿಗೂ ಕೊಟ್ಟಿದ್ದಳು. ಬೆಕ್ಕಿನ ಮುಖ ಗೋಡೆಗಿತ್ತು. ಕಿವಿ ಒಂದು ಅಡುಗೆಮನೆಯ ಕಡೆಗಿತ್ತು, ಇನ್ನೊಂದು ಟೇಬಲ್ಲುಗಳ ಕಡೆಗೆ. ಪರದೆ ಹೇಳಿತು: "ಮೂರನೆಯ ಪ್ರಾಣಿ ಗೋಡೆ ನೋಡುತ್ತಿಲ್ಲ. ಒಂದನೆಯದು ಮತ್ತು ಎರಡನೆಯದು ತನ್ನನ್ನು ಮಾತಾಡಿಸಲೆಂದು ಕಾಯುತ್ತಿದೆ."

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಐವತ್ತನಾಲ್ಕು ದಿನ ಸಾವಿರಾರು ಮಾತು ಹೊತ್ತ ಅಧಿಕಾರಿಯನ್ನು ಅವರು ಒಂದು ಮಾತೂ ಹೇಳದೆ ಕೆಲಸದಿಂದ ತೆಗೆದುಹಾಕಿದ್ದರು.

ಅಂದಿನಿಂದ ಆ ಖಾನಾವಳಿಯಲ್ಲಿ ಒಂದು ಪದ್ಧತಿ ನಡೆದುಬಂದಿದೆ. ದಿನಾ ಹನ್ನೊಂದು ಗಂಟೆಗೆ ಗುರುಶಾಂತವ್ವ ಮುಖ ಬಿಗಿದುಕೊಂಡು ಒಳಗೆ ಹೋಗುತ್ತಾಳೆ. ಈರಸಂಗಪ್ಪ ಟೋಪಿ ಸರಿ ಮಾಡಿಕೊಂಡು ಹೊರಗೆ ನಿಲ್ಲುತ್ತಾನೆ. ಹನ್ನೆರಡರವರೆಗೆ ಅವರಿಬ್ಬರಿಗೂ ಮಾತಿಲ್ಲ. ಗೊತ್ತಿಲ್ಲದ ಗಿರಾಕಿಗಳು, ಪಾಪ, ಎಷ್ಟು ವರ್ಷದ ಜಗಳವೋ ಎಂದು ಮರುಗುತ್ತಾರೆ.

ಮೊದಲ ದಿನ ಈರಸಂಗಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮೂಲೆಯ ಕಡೆ ತಿರುಗಿ, ಸ್ವಲ್ಪ ಅಧಿಕೃತವಾಗಿಯೇ ಹೇಳಿದ: "ಮಾಮ್ಲೇದಾರ್ರ, ಒಳಗಿನವರಿಗೆ ಒಂದು ಮಾತು ಹೇಳೂದಿತ್ತು. ಇವತ್ತು ಭುಜ ಆರಾಮ ಐತೇನಂತ ಕೇಳ್ರಿ."

ಬೆಕ್ಕು ಗೋಡೆ ಬಿಟ್ಟು ಎದ್ದಿತು. ಮೈಮುರಿದು, ಮೀಸೆ ತೀಡಿಕೊಂಡು, ಪ್ರತಿ ಟೇಬಲ್ಲಿನ ಕೆಳಗೂ ಹಾದು ಬಂದು ಹೊಸ್ತಿಲ ಮೇಲೆ ತನ್ನ ಜಾಗದಲ್ಲಿ ಕೂತಿತು. ಅದು ಕೂತ ಮೇಲೆಯೇ ಒಳಗಿನಿಂದ ಸೌಟು ಒಂದು ಸಲ ಠಣ್ ಎಂದಿತು.